ಕಡಲ ತಳದ ಹುಟ್ಟುಬಂಡೆ: ಬೆಳೆದುದೋ, ಉಳಿದುದೋ?

ಪೀಠಿಕೆ

ಬೇಸಿಗೆಯಲ್ಲಿ ಕಪಿಲೆಯ ನೀರು ಇಳಿದಾಗ ನದಿಯ ಪಾತ್ರದಲ್ಲಿ ಅಲ್ಲಲ್ಲಿ ಬಂಡೆಗಳು ತಲೆಯೆತ್ತುವುದನ್ನು ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯವರೆಲ್ಲರೂ ಕಂಡಿದ್ದಾರೆ. ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಮೈದೋರುವ ಈ ಬಂಡೆಗಳ ಮೇಲೆ ಕುಳಿತು ಪಾಠ ಬಾಯಿಪಾಠ ಮಾಡಿದವರು, ಅವುಗಳ ಮೇಲಿಂದ ಧುಮುಕಿ ಈಜು ಕಲಿತವರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಇಂತಹ ಒಂದು ಬಂಡೆಯ ಬಳಿ ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನು ಕೊಟ್ಟ ಒಂದು ತಪ್ಪು ಉತ್ತರವೇ ಈ ಲೇಖನಕ್ಕೆ ಕಾರಣ.

ಎಂಟನೆಯ ತರಗತಿಯ ಮಕ್ಕಳನ್ನು ಸಂಗಮಕ್ಕೆ ಕರೆದೊಯ್ದಿದ್ದೆ. ಹೊಳೆಯಂಚಿನ ಊರಿನ ಹುಡುಗನೊಬ್ಬ ಒಂದು ಬಂಡೆಯನ್ನು ತೋರಿಸಿ, "ಗುರುಗಳೇ, ಹೋದ ವರ್ಷ ಈ ಬಂಡೆ ನನ್ನ ಮೊಣಕಾಲಿನಷ್ಟಿತ್ತು. ಈಗ ಸೊಂಟದಷ್ಟಾಗಿದೆ. ಕಲ್ಲು ಬೆಳೆಯುತ್ತದೆಯೆ?" ಎಂದು ಕೇಳಿದ. ನಾನು ವಿದ್ವತ್ ಪರೀಕ್ಷೆಗಾಗಿ ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಓದಿದವನು. ಭೂಶಾಸ್ತ್ರದ ಗಂಧವೂ ಇಲ್ಲದವನು. ಆದರೂ 'ಗೊತ್ತಿಲ್ಲ' ಎನ್ನಲು ನಾಲಗೆ ಏಳಲಿಲ್ಲ. "ಹೌದು ಮಗು, ಅದಕ್ಕೇ ನಮ್ಮ ಹಿರಿಯರು ಅದನ್ನು ಹುಟ್ಟುಬಂಡೆ ಎಂದು ಕರೆದರು. ಹುಟ್ಟಿದ್ದು ಬೆಳೆಯಲೇಬೇಕಲ್ಲವೆ?" ಎಂದುಬಿಟ್ಟೆ. ಮಕ್ಕಳು ನಕ್ಕರು, ಹುಡುಗ ತಲೆದೂಗಿದ, ನನ್ನ ಚಮತ್ಕಾರಕ್ಕೆ ನಾನೇ ಮೆಚ್ಚಿಕೊಂಡೆ.

ಆ ಹುಡುಗ ಮುಂದೆ ಓದಿ, ಕರಾವಳಿಯ ಬಂದರೊಂದರಲ್ಲಿ ಸಮುದ್ರದ ಆಳವನ್ನು ಅಳೆಯುವ ಉದ್ಯೋಗ ಹಿಡಿದ. ಈಚೆಗೆ ರಜೆಯಲ್ಲಿ ಬಂದವನು ಮನೆಗೆ ಬಂದು, ಕಾಫಿ ಕುಡಿಯುತ್ತ, ಸಂಕೋಚದಿಂದಲೇ ಹೇಳಿದ: "ಗುರುಗಳೇ, ಕಲ್ಲು ಬೆಳೆಯುವುದಿಲ್ಲ. ನಾನು ದಿನವೂ ಕಡಲ ತಳದ ಬಂಡೆಗಳ ನಕ್ಷೆ ನೋಡುವವನು. ಬಂಡೆ ಇದ್ದಲ್ಲೇ ಇರುತ್ತದೆ; ಸುತ್ತಲಿನದು ಹೋಗುತ್ತದೆ." ಆತನೇ ತಂದುಕೊಟ್ಟ ಪುಸ್ತಕಗಳನ್ನು ಓದಿ, ಅರ್ಥವಾಗದಿದ್ದಲ್ಲಿ ಅವನನ್ನೇ ಕೇಳಿ ತಿಳಿದುಕೊಂಡುದನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ. ವಿಷಯ ಕಡಲಿನದು, ಆದರೆ ಅದನ್ನು ತಿಳಿಯಲು ಬೇಕಾದ ದೃಷ್ಟಾಂತಗಳು ಬಹುಮಟ್ಟಿಗೆ ನಮ್ಮ ಎರಡು ತಾಲ್ಲೂಕುಗಳಲ್ಲೇ ಇವೆ.

ಮರಳಿನ ಕೆಳಗಿನ ನೆಲ

ಭೂಖಂಡಗಳ ಅಂಚು ಕಡಲಿನೊಳಗೆ ತಟ್ಟನೆ ಕಡಿದುಹೋಗುವುದಿಲ್ಲ. ತೀರದಿಂದಾಚೆ ಬಹುದೂರದವರೆಗೆ ನೆಲ ಮೆಲ್ಲಮೆಲ್ಲನೆ ಇಳಿಯುತ್ತ, ಸುಮಾರು 200 ಮೀಟರ್ ಆಳದವರೆಗೆ ಸಾಗುತ್ತದೆ. ಇದಕ್ಕೆ ಖಂಡಾವರಣ ಪ್ರದೇಶವೆಂದು ಹೆಸರು. ಆಳವಿಲ್ಲದ ಕಡಲು ಎಂದರೆ ಇದೇ. ಇದರ ತಳದ ಬಹುಭಾಗ ಮರಳು, ಕೆಸರು, ಚಿಪ್ಪಿನ ಪುಡಿಗಳಿಂದ ಮುಚ್ಚಿದೆ. ನಡುನಡುವೆ, ಹೊಲದ ನಡುವೆ ಎದ್ದ ಅರೆಯಂತೆ, ಬರಿಗಲ್ಲು ಕಾಣಿಸಿಕೊಳ್ಳುತ್ತದೆ. ಮೀನುಗಾರರಿಗೆ ಇಂತಹ ಜಾಗಗಳು ಚೆನ್ನಾಗಿ ಗೊತ್ತು. ಅಲ್ಲಿ ಬಲೆ ಹರಿಯುತ್ತದೆ. ಅಲ್ಲಿಯೇ ಮೀನೂ ಹೆಚ್ಚು.

ಈ ಕಲ್ಲು ಅಲ್ಲಿಗೆ ಹೇಗೆ ಬಂತು? ಪ್ರಶ್ನೆಯನ್ನು ಹೀಗೆ ಕೇಳುವುದರಲ್ಲಿಯೇ ನಾವು ಎಡವುತ್ತೇವೆ. ಮರಳಿನ ಕೆಳಗೆ ಎಲ್ಲೆಲ್ಲಿಯೂ ಕಲ್ಲು ಇದ್ದೇ ಇದೆ. ನಮ್ಮ ಹೊಲದಲ್ಲಿ ಬಾವಿ ತೋಡುವವರಿಗೆ ಇದು ಹೊಸದಲ್ಲ. ಮೊದಲು ಮಣ್ಣು, ಆಮೇಲೆ ಗರಸು, ಅದರ ಕೆಳಗೆ ಪುಡಿಯಾಗುವ ಮೆತ್ತನೆಯ ಕಲ್ಲು, ಕೊನೆಗೆ ಹಾರೆಗೆ ಮಣಿಯದ ಬಂಡೆ. ಕಡಲ ತಳದಲ್ಲೂ ಹೀಗೆಯೇ. ಆದುದರಿಂದ 'ಇಲ್ಲಿ ಕಲ್ಲು ಏಕೆ ಇದೆ' ಎನ್ನುವುದಕ್ಕಿಂತ 'ಇಲ್ಲಿ ಹೊದಿಕೆ ಏಕೆ ಇಲ್ಲ' ಎಂದು ಕೇಳುವುದು ಸರಿಯಾದ ಪ್ರಶ್ನೆ.

ತಲಕಾಡನ್ನು ನೋಡಿದವರಿಗೆ ಇದು ಬೇಗ ಮನದಟ್ಟಾಗುತ್ತದೆ. ಕಾವೇರಿಯ ದಂಡೆಯ ಆ ಊರಿನಲ್ಲಿ ಗಾಳಿ ತಂದ ಮರಳು ದೇವಾಲಯಗಳನ್ನೇ ಮುಚ್ಚಿತು. ಒಂದು ದೇವರ ಹೆಸರೇ ಮರಳೇಶ್ವರ, ಇನ್ನೊಂದರ ಹೆಸರು ಪಾತಾಳೇಶ್ವರ. ಹಿಂದೆ ಪಂಚಲಿಂಗ ದರ್ಶನ ಬಂದಾಗಲೆಲ್ಲ ಮರಳನ್ನು ತೆಗೆಸಿ ಗುಡಿಗಳನ್ನು ಬಿಡಿಸಿಕೊಳ್ಳಬೇಕಾಗುತ್ತಿತ್ತು. ಮರಳು ಸರಿಸಿದಾಗ ಗುಡಿಯ ಶಿಖರ ಮೊದಲು ಕಂಡು, ಆಮೇಲೆ ಗೋಡೆ, ಕೊನೆಗೆ ತಳಪಾಯ ಕಾಣುವುದನ್ನು ನೋಡಿದ ಮಗುವೊಂದು ಗುಡಿ ನೆಲದಿಂದ ಬೆಳೆದು ಬಂತೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ನನ್ನ ಶಿಷ್ಯನೂ ಅಂದು ಹಾಗೆಯೇ ಭಾವಿಸಿದ್ದು. ಮರಳಿನ ಕಡೆಗೆ ಅವನ ಗಮನ ಸೆಳೆಯಬೇಕಾಗಿದ್ದ ನಾನು ಪದದ ಚಮತ್ಕಾರದಲ್ಲಿ ಮುಳುಗಿದ್ದೆ.

ಶಿಲೆಯ ಹುಟ್ಟು

ಕಡಲ ತಳದಲ್ಲಿ ಕಾಣುವ ಶಿಲೆ ಬಹುಪಾಲು ಆ ಕಡಲಿಗಿಂತಲೂ ಎಷ್ಟೋ ಹಳೆಯದು. ಪಕ್ಕದ ದಡದಲ್ಲಿ ಯಾವ ಶಿಲೆಯೋ ನೀರಿನೊಳಗೂ ಸಾಮಾನ್ಯವಾಗಿ ಅದೇ. ನಮ್ಮ ಭಾಗದ ಬಂಡೆ ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. 1894ರಲ್ಲಿ ಸ್ಥಾಪಿತವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಪಂಡಿತರು ಈ ಶಿಲೆಗಳನ್ನು ಊರೂರು ತಿರುಗಿ ಗುರುತಿಸಿದರು.

ನಮ್ಮ ರಾಜ್ಯದ ಕಡಲಿನಲ್ಲಿ ಶಿಲೆಯ ಹುಟ್ಟನ್ನು ಕಣ್ಣಾರೆ ಕಾಣಬೇಕಾದರೆ ಉಡುಪಿ ಜಿಲ್ಲೆಯ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಗಳಿಗೆ ಹೋಗಬೇಕು. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ದ್ವೀಪವು ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಅಲ್ಲಿ ಆರಿ ಗಟ್ಟಿಯಾಯಿತು. ಆರುವಾಗ ಕುಗ್ಗಿತು, ಕುಗ್ಗುವಾಗ ಬಿರಿಯಿತು. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಒಣಗಿ ಹಲವು ಮೂಲೆಗಳ ಬಿಲ್ಲೆಗಳಾಗಿ ಬಿರಿಯುವುದಿಲ್ಲವೆ? ಅದೇ ಬಗೆ. ಆದರೆ ಲಾವಾದ ಬಿರುಕು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಹೋದುದರಿಂದ ಬಿಲ್ಲೆಗಳ ಬದಲು ನಿಲುವುಗಂಬಗಳಾದವು. ಉಳಿಯಿಂದ ಕಡೆದಂತೆ ಒತ್ತಾಗಿ ನಿಂತ ಐದು, ಆರು ಮುಖದ ಈ ಕಂಬಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಸಮಶೀತೋಷ್ಣ ವಲಯದಲ್ಲಿ ಇದಕ್ಕೆ ಸೋದರನಂತಿರುವುದು ಉತ್ತರ ಐರ್ಲೆಂಡಿನ 'ಜೈಂಟ್ಸ್ ಕಾಸ್‌ವೇ'. ಸುಮಾರು ಆರು ಕೋಟಿ ವರ್ಷಗಳ ಹಿಂದಿನ ಬಸಾಲ್ಟ್ ಲಾವಾ. ನಲವತ್ತು ಸಾವಿರದಷ್ಟು ಕಂಬಗಳು. ದಡದಿಂದ ಮೆಟ್ಟಿಲಿಳಿದಂತೆ ತಂಪು ಕಡಲಿನೊಳಗೆ ಇಳಿದುಹೋಗುತ್ತವೆ. ಮಲ್ಪೆಗೂ ಐರ್ಲೆಂಡಿಗೂ ನೀರಿನ ಬಿಸುಪಿನಲ್ಲಿ ಅಜಗಜಾಂತರ. ಆದರೆ ಕಲ್ಲಿನ ವ್ಯಾಕರಣ ಒಂದೇ.

ಎಲ್ಲ ಬಂಡೆಗಳೂ ಬೆಂಕಿಯಿಂದ ಹುಟ್ಟಿದವಲ್ಲ. ಆಸ್ಟ್ರೇಲಿಯದ ಸಿಡ್ನಿ ನಗರದ ಕಡಲಂಚಿನ ಬಂಡೆಗಳು ಮರಳುಶಿಲೆ. ಹಿಂದೊಂದು ಯುಗದ ನದಿಗಳು ತಂದು ಸುರಿದ ಮರಳೇ ಒತ್ತಿ ಕಲ್ಲಾದುದು. ಇಂಗ್ಲೆಂಡಿನ ನಾರ್ಫೋಕ್ ತೀರದಾಚೆಯ ಕಡಲತಳದಲ್ಲಿ ಸೀಮೆಸುಣ್ಣದ ಬಂಡೆ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪುಗಳು ಕೋಟ್ಯಂತರ ವರ್ಷ ಕಡಲತಳಕ್ಕೆ ಉದುರಿ ಆದ ಕಲ್ಲು ಅದು. ಬೆಂಕಿಯದಿರಲಿ, ಮರಳಿನದಿರಲಿ, ಚಿಪ್ಪಿನದಿರಲಿ, ಶಿಲೆ ಸಿದ್ಧವಾದ ಮೇಲಿನ ಕಥೆ ಎಲ್ಲಕ್ಕೂ ಸಮಾನ. ಅದನ್ನು ಮುಂದೆ ನೋಡೋಣ.

ಮೃದು ಹೋಗಿ ಕಠಿಣ ಉಳಿಯುವುದು

ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯವನ್ನು ಕಂಡವರು ಅಲ್ಲಿಯ ಶಿಲ್ಪಿಗಳ ಕೈಚಳಕವನ್ನು ಮೆಚ್ಚುತ್ತಾರೆ. ಅವರು ಆರಿಸಿಕೊಂಡ ಕಲ್ಲನ್ನೂ ಮೆಚ್ಚಬೇಕು. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿ ಉಳಿಗೆ ಒಲಿಯುತ್ತದೆ. ಅಷ್ಟು ನವಿರಾದ ಕೆಲಸವನ್ನು ನಮ್ಮ ಹೊಳೆಯ ಬಂಡೆಯ ಮೇಲೆ ಮಾಡುವುದು ಸುಲಭವಲ್ಲ. ಒಂದೇ ಉಳಿ ಒಂದು ಕಲ್ಲಿನಲ್ಲಿ ಆಳಕ್ಕೆ ಇಳಿಯುತ್ತದೆ, ಇನ್ನೊಂದರಲ್ಲಿ ಗೀರಿ ಹಿಂದಕ್ಕೆ ಬರುತ್ತದೆ. ನೀರೂ ಇಂತಹುದೇ ಉಳಿ. ಅಲೆ, ಹೊಳೆ, ಮಳೆಗಳು ಎಲ್ಲ ಕಲ್ಲನ್ನೂ ಸಮನಾಗಿಯೇ ಬಡಿಯುತ್ತವೆ. ಮೃದುವಾದುದು ಕರಗಿ ತಗ್ಗಾಗುತ್ತದೆ, ಕಠಿಣವಾದುದು ಉಳಿದು ದಿಬ್ಬವಾಗುತ್ತದೆ. ಒಂದೇ ಜಾತಿಯ ಕಲ್ಲಿನಲ್ಲಿಯೂ ಸೀಳು ಇರುವೆಡೆ ನೀರು ಹೊಕ್ಕು ಅಗಲವಾದ ಕೊರಕಲಾಗುತ್ತದೆ. ಸೀಳಿಲ್ಲದ ಭಾಗ ಎದ್ದು ನಿಲ್ಲುತ್ತದೆ. ಪದರುಪದರಾದ ಶಿಲೆ ಓರೆಯಾಗಿ ವಾಲಿದ್ದರೆ ಗಟ್ಟಿಯ ಪದರು ಏಣಿನಂತೆಯೂ ಮೆದು ಪದರು ಸಾಲಿನಂತೆಯೂ ಕಾಣುತ್ತ, ಕಡಲತಳ ಉತ್ತ ಹೊಲದ ಹಾಗಾಗುತ್ತದೆ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಅಲೆಯ ಬಡಿತ ಜೋರಾಗಿರುವುದು ದಡದಲ್ಲಿ. ಮೂವತ್ತು, ನಲವತ್ತು ಮೀಟರ್ ಆಳದಲ್ಲಿರುವ ಬಂಡೆಗೆ ಆ ಆಕಾರ ಹೇಗೆ ಬಂತು? ಇದಕ್ಕೆ ಉತ್ತರ, ಆ ಆಳವೂ ಒಂದು ಕಾಲಕ್ಕೆ ದಡವಾಗಿತ್ತು ಎಂಬುದು.

ಕಡಲು ಏರಿದ ಕಥೆ

ಇಂದಿಗೆ ಸುಮಾರು 20,000 ವರ್ಷಗಳ ಹಿಂದೆ ಭೂಮಿಯ ಉತ್ತರಾರ್ಧದ ವಿಶಾಲ ಪ್ರದೇಶಗಳನ್ನು ಹಿಮದ ಹಾಳೆಗಳು ಮುಚ್ಚಿದ್ದವು. ಅಷ್ಟೊಂದು ನೀರು ಹಿಮವಾಗಿ ನೆಲದ ಮೇಲೆ ನಿಂತಿದ್ದುದರಿಂದ ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಇಂದಿನ ಖಂಡಾವರಣದ ಹೆಚ್ಚಿನ ಭಾಗ ಅಂದು ಒಣನೆಲ. ಅಲ್ಲಿ ನದಿಗಳು ಹರಿದವು, ಕಾಡು ಬೆಳೆಯಿತು, ಕಲ್ಲು ಮಳೆಬಿಸಿಲಿಗೆ ಶಿಥಿಲವಾಯಿತು. ಬ್ರಿಟನ್ ಅಂದು ದ್ವೀಪವಾಗಿರಲಿಲ್ಲ. ಯುರೋಪಿನ ನೆಲಕ್ಕೆ ಕೂಡಿಕೊಂಡಿತ್ತು. ಹಿಮ ಕರಗುತ್ತ ಬಂದಂತೆ ಕಡಲು ಏರಿ, ಸುಮಾರು ಏಳು ಸಾವಿರ ವರ್ಷಗಳ ಹಿಂದಿನ ವೇಳೆಗೆ ಹೆಚ್ಚುಕಡಿಮೆ ಇಂದಿನ ಮಟ್ಟವನ್ನು ಮುಟ್ಟಿತು. ಏರುವಾಗ ಅಲೆಯ ಗೆರೆ ಆ ಇಡೀ ನೆಲವನ್ನು ಅಂಗುಲ ಅಂಗುಲವಾಗಿ ದಾಟಿತು, ಮಣ್ಣನ್ನು ತೊಳೆಯಿತು, ಗಟ್ಟಿ ಗುಡ್ಡಗಳನ್ನು ಬಿಟ್ಟು ಮುಂದಕ್ಕೆ ಸಾಗಿತು.

ಇದರ ಕಿರುರೂಪವನ್ನು ನಾವು ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಾಣಬಹುದು. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡು ನೀರು ನಿಂತಾಗ ತಗ್ಗಿನ ನೆಲವೆಲ್ಲ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಮರಗಳ ಒಣಬೊಡ್ಡೆಗಳು ಇಂದಿಗೂ ಎದ್ದು ಕಾಣುತ್ತವೆ. ಅವು ನೀರಿನಲ್ಲಿ ಹುಟ್ಟಿದ ಮರಗಳಲ್ಲ; ನೀರು ಅವುಗಳ ಬಳಿಗೆ ಬಂತು. ಕಡಲತಳದ ಎಷ್ಟೋ ಬಂಡೆಗಳೂ ಹೀಗೆ ಮುಳುಗಿದ ಗುಡ್ಡಗಳೇ.

ನಾರ್ವೆ, ಸ್ಕಾಟ್ಲೆಂಡ್, ಕೆನಡಾದಂತಹ ತಂಪು ದೇಶಗಳ ತೀರದಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಅಲ್ಲಿ ಹಿಮನದಿಗಳು ಉಜ್ಜುಗೊರಡಿನಂತೆ ಮೇಲಿನ ಮಣ್ಣನ್ನೂ ಕೊಳೆತ ಕಲ್ಲನ್ನೂ ಕೆರೆದುಕೊಂಡು ಹೋಗಿ ಬರಿಬಂಡೆಯನ್ನು ಬಿಟ್ಟವು. ಹೊತ್ತೊಯ್ದ ಗುಂಡುಕಲ್ಲುಗಳನ್ನು ದೂರದಲ್ಲಿ ಚೆಲ್ಲಿದವು. ಬಾಲ್ಟಿಕ್ ಸಮುದ್ರದ ತಳದಲ್ಲಿ ಇಂತಹ ಗುಂಡುಗಳ ರಾಶಿಗಳಿವೆ. ಇವು ಹುಟ್ಟುಬಂಡೆಗಳಲ್ಲ, ವಲಸೆ ಬಂದವು.

ನೆಲವೇ ಮೇಲೇಳುವುದೂ ಉಂಟು. 2016ರ ನವೆಂಬರ್‌ನಲ್ಲಿ ನ್ಯೂಜಿಲೆಂಡಿನ ಕೈಕೌರಾ ಪ್ರದೇಶದಲ್ಲಿ 7.8 ಪ್ರಮಾಣದ ಭೂಕಂಪವಾದಾಗ ನೂರು ಕಿಲೋಮೀಟರಿಗೂ ಉದ್ದದ ತೀರ ಕೆಲವೇ ನಿಮಿಷಗಳಲ್ಲಿ ಮೇಲೆದ್ದಿತು. ಕೆಲವೆಡೆ ಹಲವು ಮೀಟರ್‌ಗಳಷ್ಟು. ಹಿಂದಿನ ದಿನ ಮುಳುಗಿದ್ದ ಬಂಡೆಗಳು ಕಡಲಕಳೆಯ ಸಮೇತ ಬಿಸಿಲಿಗೆ ಬಂದವು.

ಮರಳು ಏಕೆ ನಿಲ್ಲದು

ಗುಡ್ಡ ಮುಳುಗಿದ ಮೇಲೆ ಕಾಲಕ್ರಮದಲ್ಲಿ ಹೂಳು ತುಂಬಿ ಮುಚ್ಚಿಹೋಗಬೇಕಲ್ಲವೆ? ಎಷ್ಟೋ ಬಂಡೆಗಳು ಹಾಗೆ ಮುಚ್ಚಿಹೋಗಿವೆ. ಉಳಿದವು ತೆರೆದೇ ಇರಲು ಕಾರಣ ನೀರಿನ ಚಲನೆ. ಅಲೆಯ ತೂಗಾಟ ಮೇಲ್ಮೈಯಲ್ಲಿಯೇ ಮುಗಿಯುವುದಿಲ್ಲ. ಎರಡು ಅಲೆಗಳ ನೆತ್ತಿಗಳ ನಡುವಿನ ಅಂತರದ ಅರ್ಧದಷ್ಟು ಆಳದವರೆಗೆ ಅದು ಮುಟ್ಟುತ್ತದೆ. ನೆತ್ತಿಯಿಂದ ನೆತ್ತಿಗೆ 100 ಮೀಟರ್ ಇದ್ದರೆ 50 ಮೀಟರ್ ಆಳದ ತಳಕ್ಕೂ ಅದರ ಸುಳಿವು ತಿಳಿಯುತ್ತದೆ. ಬಿರುಗಾಳಿಯ ದಿನಗಳಲ್ಲಿ ದಿಬ್ಬದ ಮೇಲೆ ಕೂತ ಮರಳು ಎದ್ದು ತಗ್ಗಿಗೆ ಇಳಿಯುತ್ತದೆ. ಮೊರದಲ್ಲಿ ಕೇರುವಾಗ ಹೊಟ್ಟು ಹಾರಿ ಕಾಳು ಉಳಿಯುವ ಹಾಗೆ, ಕಡಲು ತನ್ನ ತಳವನ್ನು ಸದಾ ಕೇರುತ್ತಿರುತ್ತದೆ. ತಗ್ಗು ಬಂಡೆಗಳ ಅಂಚು ಒಂದು ಋತುವಿನಲ್ಲಿ ಮರಳಿನಡಿ ಮುಚ್ಚಿ, ಇನ್ನೊಂದರಲ್ಲಿ ತೆರೆದುಕೊಳ್ಳುತ್ತದೆ.

ಇದೆಲ್ಲ ನಮಗೆ ತಿಳಿಯುವುದು ಶಬ್ದದಿಂದ. ಹಡಗಿನಿಂದ ಬಿಟ್ಟ ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಇಳಿದು, ತಳಕ್ಕೆ ತಾಗಿ ಹಿಂದಿರುಗುತ್ತದೆ. ಹೋಗಿ ಬರಲು ಹಿಡಿದ ಕಾಲದಿಂದ ಆಳ ತಿಳಿಯುತ್ತದೆ. ಪ್ರತಿಧ್ವನಿಯ ಬಲದಿಂದ ತಳ ಕಲ್ಲೋ ಕೆಸರೋ ಎಂಬುದು ತಿಳಿಯುತ್ತದೆ. ಗಟ್ಟಿ ಬಂಡೆಯ ಮರುದನಿ ಖಣಿಲು, ಕೆಸರಿನದು ಮಂದ. ನನ್ನ ಶಿಷ್ಯನ ದಿನನಿತ್ಯದ ಕಾಯಕ ಇದೇ.

ಬೆಳೆಯುವ ಬಂಡೆಗಳೂ ಉಂಟು

ಹಾಗಾದರೆ ಅಂದು ನಾನು ಹೇಳಿದುದು ಪೂರ್ತಿ ಸುಳ್ಳೇ? ಅಪವಾದಗಳು ಎರಡಿವೆ. ಬೆಚ್ಚನೆಯ ಕಡಲಿನಲ್ಲಿ ಹವಳದ ಜೀವಿಗಳು ಸುಣ್ಣವನ್ನು ಕಟ್ಟುತ್ತ ನಿಜವಾಗಿಯೂ ದಿಬ್ಬ ಬೆಳೆಸುತ್ತವೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಬಂಡೆಗೆ ಅಂಟಿದ ಹವಳಗಳಿವೆ. ಎರಡನೆಯದಾಗಿ, ಡೆನ್ಮಾರ್ಕಿನ ಕಟ್ಟೆಗಾಟ್ ಜಲಭಾಗದಲ್ಲಿ ತಳದಿಂದ ಮೀಥೇನ್ ಅನಿಲ ಗುಳ್ಳೆಗುಳ್ಳೆಯಾಗಿ ಹೊರಬರುವೆಡೆ, ಸೂಕ್ಷ್ಮಜೀವಿಗಳ ಕೆಲಸದಿಂದ ಸುಣ್ಣ ಕೂಡಿ, ಮರಳನ್ನೇ ಗಾರೆಯಂತೆ ಬೆಸೆದು ಕಂಬಗಳನ್ನು ಮಾಡಿದೆ. ಆದರೆ ಆ ಕಂಬಗಳೂ ಮರಳಿನೊಳಗೆ ಹುದುಗಿ ಬೆಳೆದು, ಸುತ್ತಲಿನ ಮರಳು ಹೋದ ಮೇಲೆ ಕಣ್ಣಿಗೆ ಬಿದ್ದವು.

ಸಮಶೀತೋಷ್ಣ ಕಡಲಿನ ತಂಪು ನೀರಿನಲ್ಲಿ ಹವಳ ಸಾಮಾನ್ಯವಾಗಿ ದಿಬ್ಬ ಕಟ್ಟಲಾರದು. ಆದ್ದರಿಂದ ಅಲ್ಲಿ ಬಂಡೆಯೆಂದರೆ ಬಹುಮಟ್ಟಿಗೆ ಭೂಮಿಯದೇ ಬಂಡೆ. ಆದರೆ ಅದು ಬರಡಲ್ಲ. ಕೆಲ್ಪ್ ಎಂಬ ಹೆಗ್ಗಳೆ ಅನುಕೂಲ ದೊರೆತರೆ ದಿನಕ್ಕೆ ಒಂದಡಿಗೂ ಮಿಗಿಲಾಗಿ ಬೆಳೆದು ನೀರಿನೊಳಗೆ ಕಾಡನ್ನೇ ಮಾಡುತ್ತದೆ. ಅದಕ್ಕೆ ಬೇರಿಲ್ಲ, ಕಲ್ಲನ್ನು ಕಚ್ಚಿ ಹಿಡಿಯುವ ಹಿಡಿಕೆ ಮಾತ್ರ ಇದೆ. ಮರಳಿನ ಮೇಲೆ ಅದು ನಿಲ್ಲಲಾರದು. ನಮ್ಮ ಕರಾವಳಿಯವರು ನೀಲಿಕಲ್ಲು, ಪಚ್ಚಿಲೆ ಎಂದು ಕರೆಯುವ ಚಿಪ್ಪುಜೀವಿಗಳಿಗೂ ಹೀಗೆಯೇ ಬಂಡೆಯ ಆಸರೆ ಬೇಕು. ಆಸರೆ ಪಡೆದವರೆಲ್ಲ ಉಪಕಾರ ಸ್ಮರಿಸುವುದಿಲ್ಲ. ಮೆದುಗಲ್ಲಿನಲ್ಲಿ ಬಿಲ ಕೊರೆದು ವಾಸಿಸುವ ಚಿಪ್ಪುಜೀವಿಗಳು ಆ ಬಂಡೆಯನ್ನೇ ಒಳಗಿನಿಂದ ಸಡಿಲಗೊಳಿಸುತ್ತವೆ.

ಉಪಸಂಹಾರ

ಮಾತು ಮುಗಿದ ಮೇಲೆ ಶಿಷ್ಯನೂ ನಾನೂ ಸಂಗಮಕ್ಕೆ ಹೋಗಿ ಆ ಬಂಡೆಯನ್ನು ನೋಡಿದೆವು. ಅದು ಈಗ ನನ್ನ ತಲೆಯನ್ನು ಮೀರಿ ನಿಂತಿದೆ. ಮೇಲ್ಭಾಗ ಕಪ್ಪು, ನಯ. ಕೆಳಭಾಗ ತಿಳಿಬಣ್ಣ, ಒರಟು. ನಡುವೆ ಅಡ್ಡಲಾಗಿ ಒಂದು ಗೆರೆ. "ಹಿಂದೆ ಮರಳು ಇಲ್ಲಿಯವರೆಗಿತ್ತು, ಗುರುಗಳೇ" ಎಂದು ಆತ ಆ ಗೆರೆಯ ಮೇಲೆ ಬೆರಳಿಟ್ಟ. ನನ್ನ ಎದೆಯ ಮಟ್ಟದಲ್ಲಿತ್ತು ಆ ಗೆರೆ. ಅಷ್ಟು ಮರಳು ಎಲ್ಲಿ ಹೋಯಿತೆಂದು ಯಾರೂ ಹೇಳಬೇಕಾಗಿರಲಿಲ್ಲ. ಲಾರಿಗಳ ದಾರಿ ಹೊಳೆಯ ದಂಡೆಯಲ್ಲಿ ಕಾಣುತ್ತಿತ್ತು. ಅದರಲ್ಲಿ ಒಂದಿಷ್ಟು ನಾವೇ ಕಟ್ಟಿಸಿದ ಮನೆಗಳ ಗೋಡೆಯಲ್ಲಿಯೂ ಇದ್ದೀತು.

ಕಡಲಿನಲ್ಲಿ ಹೊದಿಕೆ ಸರಿಯಲು ಸಾವಿರಾರು ವರ್ಷ ಹಿಡಿಯಿತು. ಇಲ್ಲಿ ಒಂದು ಹುಡುಗನ ಶಾಲಾದಿನಗಳಲ್ಲಿಯೇ ಸರಿಯತೊಡಗಿತು. ಹೊಳೆಯ ಮರಳು ನೀರನ್ನು ಹಿಡಿದಿಟ್ಟು ದಂಡೆಯ ಬಾವಿಗಳಿಗೆ ಊಡುತ್ತದೆ. ಮಿಕ್ಕದ್ದು ಕಾವೇರಿಯ ಜೊತೆಗೆ ಹರಿದು ಬಂಗಾಳಕೊಲ್ಲಿಯ ತೀರಗಳನ್ನು ಕಾಯಬೇಕಾದದ್ದು. ಅಣೆಕಟ್ಟುಗಳ ಹಿಂದೆ ನಿಂತ ಮರಳೂ ಲಾರಿಯಲ್ಲಿ ಹೋದ ಮರಳೂ ಆ ಕಡಲನ್ನು ಸೇರುವುದಿಲ್ಲ. ಹಳ್ಳಿಯ ಹುಡುಗ ಅಂದು ಅದನ್ನೇ ಕಂಡಿದ್ದ, ಅಳತೆಯ ಸಮೇತ ಹೇಳಿದ್ದ. ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ, ಬಂಡೆ ಬೆಳೆಯಿತೆಂದು ನಗುವ ಬದಲು, ಮರಳು ಕುಗ್ಗಿತೆಂದು ಅಂದೇ ಊರಿನವರೊಡನೆ ಮಾತನಾಡಬಹುದಾಗಿತ್ತು.

'ಹುಟ್ಟುಬಂಡೆ' ಎಂಬ ಪದವನ್ನು ನಾನು ತಪ್ಪಾಗಿ ಅರ್ಥ ಮಾಡಿದೆ. ಅಲ್ಲಿ ಹುಟ್ಟು ಎಂದರೆ ಜನನವಲ್ಲ. ಮೊದಲಿನಿಂದಲೂ ಅಲ್ಲಿಯೇ ಇರುವುದು, ಬೇರೆಡೆಯಿಂದ ತಂದು ನಿಲ್ಲಿಸಿದುದಲ್ಲ ಎಂದು ಅರ್ಥ. ಶಾಸನಗಳನ್ನು ಓದುವವರು ಹುಟ್ಟುಬಂಡೆಯ ಮೇಲಿನ ಬರಹ ಎನ್ನುವುದು ಈ ಅರ್ಥದಲ್ಲಿಯೇ. ಪದ ಸರಿಯಾಗಿಯೇ ಇತ್ತು, ಪಂಡಿತ ಎಡವಿದ. ಈ ಬೇಸಿಗೆಯಲ್ಲಿ ಎಂಟನೆಯ ತರಗತಿಯ ಮಕ್ಕಳನ್ನು ಮತ್ತೆ ಅದೇ ಬಂಡೆಯ ಬಳಿಗೆ ಕರೆದೊಯ್ಯುವವನಿದ್ದೇನೆ. ಮೊದಲು ಆ ಗೆರೆಯನ್ನು ತೋರಿಸಿ, ಅದೇನೆಂದು ಅವರನ್ನೇ ಕೇಳುತ್ತೇನೆ.